ಗುತ್ತಿಗೆದಾರ ಸತ್ಯಪ್ಪ

“ಏ ಸತ್ಯಾ, ಹೆಣಾ ಹೊತ್ತಂಗ ಹೊರಬ್ಯಾಡಲೇ ಬಾಡ್ಯಾ! ಡಾಂಬರ ಆರಾಕತ್ತೇತಿ, ಕಾಲ ಎತ್ತಿ ಹಾಕು!”

ಶಂಕರೆಪ್ಪ ಧಣಿ ಬೇವಿನ ನೆರಳಲ್ಲಿ ಜೀಪಿಗೆ ಒರಗಿ ಕೂಗಿದ. ಸತ್ಯಪ್ಪ ಕಾಲೆತ್ತಿ ಹಾಕಿದ. ಬುಟ್ಟಿಯಲ್ಲಿದ್ದ, ಡಾಂಬರು ಕಲಸಿದ ಖಡಿ ಕಲ್ಲಿನ ಕಾವು ತಲೆಯ ಸಿಂಬಿ ದಾಟಿ ನೆತ್ತಿಗೆ ಇಳಿಯುತ್ತಿತ್ತು. ಸಾಲಹಳ್ಳಿ ರಸ್ತೆ ಈ ವಾರ ಮುಗಿಯಬೇಕು. ಬದಿಗೆ ನೆಟ್ಟ ಫಲಕದಲ್ಲಿ ಕೆಲಸದ ಹೆಸರು, ಮೊತ್ತ, ಕೆಳಗೆ ಗುತ್ತಿಗೆದಾರನ ಹೆಸರು ಬರೆದಿತ್ತು. ಆ ಗುತ್ತಿಗೆದಾರ ಬೇರೆ ಯಾರೂ ಅಲ್ಲ, ಇದೇ ಸತ್ಯಪ್ಪ. ದಿನಕ್ಕೆ ಐದುನೂರರ ಕೂಲಿಗೆ ತನ್ನದೇ ರಸ್ತೆಗೆ ಖಡಿ ಹೊರುವ ಗುತ್ತಿಗೆದಾರನನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮ ಕಡೆ ಬೇಕಾದಷ್ಟು ಮಂದಿ ಸಿಗುತ್ತಾರೆ.

ಮೂರು ವರ್ಷದ ಹಿಂದೆ ಧಣಿ ತಾನಾಗಿ ಕೇರಿಗೆ ಬಂದಿದ್ದ. ಪರಿಶಿಷ್ಟರಿಗೆ ಮೀಸಲಾದ ಕೆಲಸ ಹಿಡಿಯಲು ಪರಿಶಿಷ್ಟನೊಬ್ಬನ ಹೆಸರಿನ ಲೈಸೆನ್ಸು ಬೇಕಿತ್ತು. ಸತ್ಯಪ್ಪನ ಹೊರಸಿನ ಮೇಲೆ ಕೂತು, ಅವನ ಹೆಂಡತಿ ಕಾಡವ್ವ ಕೊಟ್ಟ ಚಹಾ ಕುಡಿದ. ಇಡೀ ಕೇರಿ ನಿಂತು ನೋಡಿತು. ಸತ್ಯಪ್ಪನ ಅಪ್ಪ ಧಣಿಯ ಹಿತ್ತಲಲ್ಲಿ ಬೊಗಸೆಯೊಡ್ಡಿ ನೀರು ಕುಡಿದವನು. ಅಂಥ ಮನೆಯ ಧಣಿ ತಮ್ಮ ಲೋಟಕ್ಕೆ ಬಾಯಿ ಹಚ್ಚಿದನಲ್ಲ ಎಂದು ಸತ್ಯಪ್ಪ ಕರಗಿಹೋದ. ತೋರಿಸಿದಲ್ಲೆಲ್ಲ ಸಹಿ ಹಾಕಿದ. ಲೈಸೆನ್ಸಾಯಿತು, ಬ್ಯಾಂಕಿನ ಖಾತೆಯಾಯಿತು, ತೆರಿಗೆಯ ಕಾಗದವೂ ಆಯಿತು. ಪಾಸ್‌ಬುಕ್ಕು ಧಣಿಯ ಕಪಾಟು ಸೇರಿತು. ಆವತ್ತಿನ ಖುಷಿ ನೆನೆದರೆ ಈಗ ಸತ್ಯಪ್ಪನಿಗೆ ತನ್ನ ಮೇಲೆಯೇ ಹೇಸಿಗೆ.

ಆ ಸಹಿಗಳ ಬೆಲೆ ಎಷ್ಟೆಂದು ಗೊತ್ತಾದದ್ದು ಹೋದ ವಾರ, ಬೆಳಗಾವಿಯ ದವಾಖಾನೆಯಲ್ಲಿ. ನಾಲ್ಕು ಹೆಜ್ಜೆ ಇಟ್ಟರೆ ಕಾಡವ್ವನಿಗೆ ಏದುಸಿರು. ಹೃದಯದ ಕವಾಟ ಕೆಟ್ಟಿದೆ, ಹದಿನೈದು ದಿನದೊಳಗೆ ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಬಡವರ ರೇಷನ್ ಕಾರ್ಡಿದ್ದರೆ ಖರ್ಚು ಸರಕಾರದ್ದು. ಕೌಂಟರಿನ ಹುಡುಗಿ ಕಾರ್ಡಿನ ನಂಬರು ಒತ್ತಿ ನೋಡಿದಳು.

“ನಿಮ್ಮ ಕಾರ್ಡ ರದ್ದಾಗೇತ್ರಿ ಕಾಕಾ. ನೀವು ಟ್ಯಾಕ್ಸ್ ಕಟ್ಟೋರಂತ ತೋರಸಾಕತ್ತೇತಿ. ಎರಡು ಲಕ್ಷ ನಲವತ್ತು ಸಾವಿರ ತುಂಬಬೇಕಾಗತೈತಿ.”

ಬೆಂಚಿನ ಮೇಲೆ ಕೂತಿದ್ದ ಕಾಡವ್ವ ನಕ್ಕಳು. “ಎಲ್ಲಿ ಹುಗದಿಟ್ಟೀಯಪಾ ಅಷ್ಟ ರೊಕ್ಕಾ? ನನಗೂ ಹೇಳಲಿಲ್ಲಲ್ಲ.” ನಗುತ್ತಲೇ ಉಸಿರು ಹಿಡಿಯಿತು. ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿದಳು. ಅವಳನ್ನು ದವಾಖಾನೆಯಲ್ಲೇ ಬಿಟ್ಟು, ಅವಳ ತಂಗಿಯನ್ನು ಹತ್ತಿರ ಕೂರಿಸಿ ಸತ್ಯಪ್ಪ ಊರಿಗೆ ಬಂದ. ಕೂಲಿ ತಪ್ಪಿದರೆ ಗುಳಿಗೆಗೂ ಗತಿಯಿರಲಿಲ್ಲ.

ಖಡಿ ಹೊತ್ತ ಆ ದಿನ ಸಂಜೆ, ರಸ್ತೆಯ ಮೇಲೆ ಕೂಲಿ ಹಂಚುವಾಗ ಸತ್ಯಪ್ಪ ಬಾಯಿ ಬಿಟ್ಟ.

“ಧಣೇರ, ನನ್ನ ಹೆಸರಿಲೆ ಬರೋ ಬಿಲ್ಲಿನಾಗ ದವಾಖಾನಿದಷ್ಟ ಕೊಡ್ರಿ. ದುಡದ ತೀರಸ್ತೇನಿ.”

“ನಿನ್ನ ಹೆಸರಿಗಿ ಏನ ಕಿಮ್ಮತ್ತಲೇ ಮಗನ? ನಾ ಕುಂಡ್ರಿಸಿದ್ದಕ ಆ ಬೋರ್ಡಿನ ಮ್ಯಾಲೆ ಕುಂತೇತಿ.” ಧಣಿ ಐದುನೂರರ ಎರಡು ನೋಟು ತೆಗೆದು ಕೆಳಗೆ ಒಗೆದ. “ತಗೋ, ಗುಳಗಿ ಕೊಡಸು. ಹೆಂಡತಿ ಹ್ವಾದ್ರ ಇನ್ನೊಂದ ಕಟ್ಟಕೋ, ನಿಮ್ಮ ಮಂದಿಗೇನ ಬರಗಾಲಲೇ? ನಾಳೆ ಹನ್ನೊಂದಕ ರಾಮದುರ್ಗದ ಬ್ಯಾಂಕಿಗೆ ಬಾ. ಹೋದ ರಸ್ತಿ ಬಿಲ್ಲ ಜಮಾ ಆಗೇತಿ, ಚೆಕ್ಕಿಗೆ ಸಹಿ ಬೇಕು.”

ನೋಟುಗಳು ಹಸಿ ಡಾಂಬರಿಗೆ ಅಂಟಿಕೊಂಡಿದ್ದವು. ಸತ್ಯಪ್ಪ ಬಗ್ಗಿ, ಹರಿಯದಂತೆ ಒಂದೊಂದನ್ನೇ ಬಿಡಿಸಿಕೊಂಡ. ಬಸ್ಸಿನ ಖರ್ಚಿಗಾದರೂ ಬೇಕಲ್ಲ.

ಮರುದಿನ ಧಣಿ ಮ್ಯಾನೇಜರರ ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಪಕ್ಕದ ಕುರ್ಚಿ ಖಾಲಿ. ಖಾತೆದಾರ ಸತ್ಯಪ್ಪ ಬಾಗಿಲಾಚೆ ಚಪ್ಪಲಿ ಬಿಟ್ಟು ಬಂದು ಮೇಜಿನ ಬದಿಗೆ ನಿಂತಿದ್ದ. ಹದಿನೆಂಟು ಲಕ್ಷದ ಚೆಕ್ಕು ಅವನತ್ತ ಸರಿದು ಬಂತು. ಸತ್ಯಪ್ಪ ಪೆನ್ನು ಹಿಡಿದ. ಸಹಿ ಹಾಕದೆ ತಲೆ ಎತ್ತಿದ.

“ಸಾಹೇಬ್ರ, ಈ ಖಾತೆ ಯಾರದ್ರಿ?”

ಮ್ಯಾನೇಜರರು ಧಣಿಯ ಮುಖ ನೋಡಿದರು. “ನಿಮ್ದ.”

“ಇವರ ಸಹಿ ನಡಿತೈತೇನ್ರಿ ಇದಕ?”

“ಇಲ್ಲ.”

ಸತ್ಯಪ್ಪ ಚೆಕ್ಕನ್ನು ಮಡಚಿ ಕಿಸೆಯಲ್ಲಿಟ್ಟ. ಖಾಲಿ ಕುರ್ಚಿ ಎಳೆದು ಕೂತ. ಮೊಣಕಾಲು ಬಹಳ ನೋಯುತ್ತಿದ್ದವು.

“ಹಂಗಾರ ನನ್ನ ಖಾತೆದಾಗಿಂದ ಎರಡು ಲಕ್ಷ ನಲವತ್ತು ಸಾವಿರ ಬೆಳಗಾವಿ ದವಾಖಾನಿಗೆ ಹಾಕ್ರಿ. ಅವರು ಬರಕೊಟ್ಟ ಚೀಟಿ ತಂದೇನಿ.”

“ಏಳಲೇ ಸೂಳಿಮಗನ ಮ್ಯಾಲೆ!” ಧಣಿ ಮೇಜು ಗುದ್ದಿದ. “ಊರಾಗ ಕಾಲ ಇಡು, ಮುರದ ಕೈಯಾಗ ಕೊಡ್ತೇನಿ!”

“ಬೈರಿ ಧಣೇರ. ನನಗ ದಣಿವಾಗೇತಿ, ಕುಂತ ಕೇಳ್ತೇನಿ.”

ಧಣಿ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಯಾರಿಗೆ, ಏಕೆ ಎಂದು ಕೇಳಬೇಕಿರಲಿಲ್ಲ. ಸತ್ಯಪ್ಪನೂ ಫೋನು ತೆಗೆದು ಪಕ್ಕದ ಮನೆಯ ಯಮನಪ್ಪನಿಗೆ ಹಚ್ಚಿದ.

“ಯಮನಪ್ಪಾ, ನಮ್ಮ ಆಡ ಬಿಚ್ಚಿ ನಿಮ್ಮ ಅಂಗಳದಾಗ ಕಟ್ಟಕೋ. ಕಾಡವ್ವನ ಟ್ರಂಕ ಹೊರಗ ತಗಿ. ಹೂಂ, ಧಣಿ ಮಂದಿ ಬೆಂಕಿ ಹಚ್ಚಾಕ ಬಂದ್ರೂ ಬರಬಹುದು. ನೀ ಅಡ್ಡ ಹೋಗಬ್ಯಾಡಪಾ, ಮನಿ ಹ್ವಾದ್ರ ಹೋಗ್ಲಿ.”

ಫೋನು ಕೆಳಗಿಟ್ಟು ಮ್ಯಾನೇಜರರ ಕಡೆ ತಿರುಗಿದ.

“ಲಗೂ ಮಾಡ್ರಿ ಸಾಹೇಬ್ರ. ಬೆಳಗಾವಿಗಿ ಒಂದ ಗಂಟೇದ ಬಸ್ಸೈತಿ.”