ನಾಲಿಗೆ ಉಜ್ಜಿಕೊಂಡು ಹೋದ ಜಯಾ

ಕಳೆದ ಜೂನ್‌ನಲ್ಲಿ ನಮ್ಮ ಎದುರು ಮನೆಯ ಜಯಾ ತನ್ನ ಐದು ವರ್ಷದ ಮಗಳು ಪ್ರಗತಿಯನ್ನು ಮಟಾಟುವಿನಲ್ಲೇ, ಅಂದರೆ ನೈರೋಬಿಯ ಮಿನಿಬಸ್ಸಿನಲ್ಲೇ, ಬಿಟ್ಟು ಇಳಿದುಬಿಟ್ಟಳು. ತರಕಾರಿ ಚೀಲ ಕೈಯಲ್ಲಿತ್ತು, ಮಗು ಸೀಟಿನಲ್ಲೇ ಇತ್ತು. ಗಾಡಿ ತಿರುವು ದಾಟಿದ ಮೇಲೆ ನೆನಪಾಯಿತು. ಕಂಡಕ್ಟರ್ ಒಳ್ಳೆಯವನು. ಮುಂದಿನ ಸ್ಟೇಜಿನಲ್ಲಿ ಇಳಿದು ಪ್ರಗತಿಯನ್ನು ಎತ್ತಿಕೊಂಡು ಓಡಿ ಬಂದ. ಅವನು ಅಂಥವನಲ್ಲದಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ನನ್ನಿಂದಾಗದು.

ನಾನು ಓಲಿಂಡಾ. ಮಂಗಳೂರಿನವಳು. ನೈರೋಬಿಯಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿ ದುಡಿದು ಈಗ ಇಲ್ಲಿನ ಸೌತ್ ಬಿ ಬಡಾವಣೆಯಲ್ಲಿ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ನನ್ನ ಬಾಯಿ ಖಾರ ಎಂದು ಜನ ಹೇಳುತ್ತಾರೆ, ಹೇಳಲಿ.

ಆ ಸಂಜೆ ಜಯಾಳ ಗಂಡ ದ್ವಾರಕಾನಾಥ್ ನನ್ನನ್ನು ಕರೆದರು. ಟೆಲಿಕಾಂ ಕಂಪನಿಯ ಕೆಲಸಕ್ಕೆ ಮೈಸೂರಿನಿಂದ ಬಂದವರು.

"ಮಗೂನ ಮೈಸೂರಿಗೆ ಕಳಿಸ್ತೀನಿ ಸಿಸ್ಟರ್, ನಮ್ಮಮ್ಮನ ಹತ್ರ. ಆಗಸ್ಟ್ ಕೊನೆಗೆ ಟಿಕೆಟ್ ಆಗಿದೆ. ಇವಳಿಗೆ ಗಮನ ಅನ್ನೋದೇ ಇಲ್ಲ. ಹಾಲಿಟ್ಟು ಮರೀತಾಳೆ. ಒಂದು ಪುಟ ಓದಕ್ಕಾಗಲ್ಲ. ಮಾತಾಡ್ತಾ ಮಾತಾಡ್ತಾ ಎಲ್ಲೋ ಹೋಗ್ಬಿಡ್ತಾಳೆ. ಎಲ್ಲಾ ಆ ಫೋನ್ ಚಟ."

ಜಯಾ ಗೋಡೆ ನೋಡುತ್ತಾ ಕೂತಿದ್ದಳು.

"ಒಂದು ರಕ್ತ ಪರೀಕ್ಷೆ ಮಾಡಿಸುವ" ಎಂದೆ ನಾನು.

"ಆಸ್ಪತ್ರೆ ಬೇಡ ಆಂಟಿ" ಎಂದಳು. ಕಾರಣ ಹೇಳಲಿಲ್ಲ.

"ಹಾಗಾದರೆ ಪಂಗಾನಿಯಲ್ಲಿ ಡಾಕ್ಟರ್ ಲಿನ್ ಅಂತ ಇದ್ದಾರೆ. ಚೀನೀ ವೈದ್ಯ ಮಾಡ್ತಾರೆ. ನನ್ನ ಮಂಡಿನೋವಿಗೆ ಅಲ್ಲಿಗೇ ಹೋಗುವುದು. ಅಲ್ಲಿಗಾದರೂ ಬಾ."

ದ್ವಾರಕಾನಾಥ್ ಮುಖ ಸಿಂಡರಿಸಿದರು. "ಹಾವು ಹಲ್ಲಿ ಕುದಿಸಿ ಕೊಡ್ತಾರೆ ಅಷ್ಟೆ. ನಮ್ ಬ್ರಾಹ್ಮಿ ಎಣ್ಣೆ ಇಲ್ವಾ?"

"ಆರು ತಿಂಗಳಿಂದ ಅದನ್ನೇ ಹಚ್ಚುವುದಲ್ವಾ ಮಾರಾಯ್ರೆ? ಮಗು ಬಸ್ಸಲ್ಲಿ ಉಳಿಯಿತು."

"ಸರಿ, ನಾನೂ ಬರ್ತೀನಿ" ಎಂದರು.

ಮರುದಿನ ಮೂವರೂ ಹೋದೆವು. ಗೋಡೆಯ ಮೇಲಿನ ಪರವಾನಗಿಯನ್ನು ನಾನು ಮೊದಲು ಓದಿದೆ. ಅದು ನನ್ನ ಅಭ್ಯಾಸ, ನಿಮ್ಮದೂ ಆಗಲಿ. ಲಿನ್ ಅವರಿಗೆ ಇಂಗ್ಲಿಷಿಗಿಂತ ಸ್ವಾಹಿಲಿ ಚೆನ್ನಾಗಿ ಬರುತ್ತದೆ. ಅವರು ಸ್ವಾಹಿಲಿಯಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು.

ಮೊದಲು ನಾಲಿಗೆ ತೋರಿಸಲು ಹೇಳಿದರು. ನೋಡಿ ಹುಬ್ಬು ಗಂಟಿಕ್ಕಿದರು. ನಾಲಿಗೆ ಕೆಂಪಗೆ ತೊಳೆದಿಟ್ಟಂತಿತ್ತು, ನಡುವೆ ಅರಿಶಿನದ ಬಣ್ಣ.

"ಏನು ಮಾಡಿದೆ ಮಾರಾಯ್ತಿ?" ಎಂದೆ.

"ಡಾಕ್ಟರ್ ಮುಂದೆ ಗಲೀಜು ನಾಲಿಗೆ ಚಾಚೋದಾ ಆಂಟಿ? ಮೂರು ಸಲ ಉಜ್ಜಿದೆ. ಆಮೇಲೆ ಅರಿಶಿನದ ಹಾಲು ಕುಡಿದೆ."

ನಾವೆಲ್ಲ ಹೀಗೆಯೇ. ಬೆಳಗಾದರೆ ಸ್ಟೀಲಿನ ಪಟ್ಟಿಯಲ್ಲಿ ನಾಲಿಗೆ ಹೆರೆಯದಿದ್ದರೆ ಕಾಫಿ ಇಳಿಯುವುದಿಲ್ಲ. ಆದರೆ ಚೀನೀ ವೈದ್ಯರು ನಾಲಿಗೆಯ ಬಣ್ಣ, ಅದರ ಮೇಲಿನ ಪದರ ನೋಡಿಯೇ ಒಳಗಿನ ಸಂಗತಿ ಊಹಿಸುವುದು. ಜಯಾ ಅದನ್ನು ಉಜ್ಜಿ ತೆಗೆದಿದ್ದಳು. "ಕೇಶೋ" ಎಂದರು ಲಿನ್. ನಾಳೆ ಬಾ, ನಾಲಿಗೆ ಉಜ್ಜದೆ ಎದ್ದ ಹಾಗೇ ಬಾ.

ಮಾರನೆಯ ದಿನ ನಾಲಿಗೆ ಬೇರೆಯೇ ಇತ್ತು. ಬಿಳಿಚಿಕೊಂಡಿತ್ತು, ಅಂಚಿನಲ್ಲಿ ಹಲ್ಲಿನ ಗುರುತು. ಲಿನ್ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು. ನೂಲಿನಷ್ಟು ಸಣ್ಣಗಿದೆ ಎಂದರು. ಊಟ ಯಾವಾಗ ಎಂದು ಕೇಳಿದರು.

"ಎಲ್ಲರದ್ದೂ ಆದ್ಮೇಲೆ. ಫ್ರಿಜ್‌ನಲ್ಲಿ ಉಳಿದಿದ್ದು, ಹಾಗೇ ನಿಂತ್ಕೊಂಡು."

ಆಮೇಲೆ ಅವರು ಮೆಲ್ಲಗೆ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ: "ಈಚೆಗೆ ನಿನ್ನ ಮೈಯಿಂದ ತುಂಬಾ ರಕ್ತ ಹೋಗಿದೆಯಾ?"

ಜಯಾ ಗಂಡನ ಕಡೆ ನೋಡಿದಳು. ಅವರು ನೆಲ ನೋಡಿದರು.

"ಅಕ್ಟೋಬರ್‌ನಲ್ಲಿ. ಹೊಟ್ಟೇಲಿ ಮಗು, ಐದು ತಿಂಗಳಾಗಿತ್ತು ಆಂಟಿ. ಆಸ್ಪತ್ರೆಯಲ್ಲೇ ಹೋಯ್ತು. ಯಾರಿಗೂ ಹೇಳ್ಬೇಡ ಅಂದ್ರು ಇವರು. ಊರಲ್ಲೂ ಗೊತ್ತಿಲ್ಲ."

ಎಂಟು ತಿಂಗಳು. ಎದುರು ಬಾಗಿಲಿನಲ್ಲಿ ನಾನಿದ್ದೆ, ಅದೂ ನರ್ಸ್. ನನಗೆ ನಾಚಿಕೆಯಾಯಿತು.

"ಪೋಲೆ ಸಾನಾ" ಎಂದರು ಲಿನ್. ಸಾವಿನ ಮನೆಯಲ್ಲಿ ಇಲ್ಲಿನವರು ಹೇಳುವ ಮಾತು ಅದು. ಆ ಮಗುವಿಗಾಗಿ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು. ಜಯಾ ಅತ್ತಳು.

ಅವಳು ಸುಧಾರಿಸಿಕೊಂಡ ಮೇಲೆ ಲಿನ್ ವಿವರಿಸಿದರು. "ನಮ್ಮ ವೈದ್ಯದಲ್ಲಿ ಮನಸ್ಸಿನ ಮನೆ ಹೃದಯ. ರಕ್ತವೇ ಅದಕ್ಕೆ ಹಾಸಿಗೆ. ಹಾಸಿಗೆ ಇಲ್ಲದ ಮನಸ್ಸು ಒಂದು ಕಡೆ ನಿಲ್ಲದೆ ಅಲೆಯುತ್ತದೆ. ಉಂಡ ಅನ್ನದಿಂದ ರಕ್ತ ಮಾಡುವುದು ಗುಲ್ಮ, ಅಂದರೆ ಹೊಟ್ಟೆಯ ಎಡಗಡೆಯ ಸ್ಪ್ಲೀನ್. ಒಂದೇ ದುಃಖವನ್ನು ಮೆಲುಕು ಹಾಕಿದರೆ, ತಣ್ಣಗಿನದ್ದನ್ನು ಹೊತ್ತಲ್ಲದ ಹೊತ್ತಿನಲ್ಲಿ ತಿಂದರೆ, ಗುಲ್ಮ ಸೋಲುತ್ತದೆ. ಎಲ್ಲರಿಗೂ ಇದೇ ಕಾರಣವಲ್ಲ. ಕೆಲವರಿಗೆ ಕಫ ಮುಸುಕಿರುತ್ತದೆ, ಕೆಲವರಿಗೆ ಒಳಗೆ ಬಿಸಿ. ಒಬ್ಬರ ಮದ್ದು ಇನ್ನೊಬ್ಬರಿಗೆ ಕೊಡಬಾರದು."

"ಹಾಗಾದ್ರೆ ಇದು ಫೋನ್ ಚಟ ಅಲ್ವಾ?" ಎಂದರು ದ್ವಾರಕಾನಾಥ್. ದನಿ ಸಣ್ಣದಾಗಿತ್ತು.

"ನಿಮಗೆ ಫೋನ್ ಕಂಡಿತು. ಹೆಂಡತಿ ಕಾಣಲಿಲ್ಲ" ಎಂದೆ. ಇದು ಲಿನ್ ಹೇಳಿದ್ದಲ್ಲ, ನಾನೇ ಸೇರಿಸಿದ್ದು.

ಚಿಕಿತ್ಸೆ ಹೀಗಿತ್ತು. ವಾರಕ್ಕೊಮ್ಮೆ ಕೂದಲಿನಷ್ಟು ಸಪೂರದ ಸೂಜಿಗಳು, ಹುಬ್ಬುಗಳ ನಡುವೆ, ಮಣಿಕಟ್ಟಿನಲ್ಲಿ, ಮಂಡಿಯ ಕೆಳಗೆ. ಬೇರು, ಕೆಂಪು ಬೋರೆಹಣ್ಣು ಹಾಕಿದ ಕಷಾಯ. ಬೆಳಿಗ್ಗೆ ಬಿಸಿ ಗಂಜಿ, ಕೂತು, ಎಲ್ಲರಿಗಿಂತ ಮೊದಲು. ಆದರೆ ಲಿನ್ ಒಂದು ಹಟ ಹಿಡಿದರು. ಆಸ್ಪತ್ರೆಯ ರಕ್ತ ಪರೀಕ್ಷೆ ಬರುವ ತನಕ ಕಷಾಯ ಕೊಡುವುದಿಲ್ಲ.

ನಾನು ಜಯಾಳ ಕೈ ಹಿಡಿದುಕೊಂಡೇ ಆಸ್ಪತ್ರೆಗೆ ಹೋದೆ. ಹಿಮೋಗ್ಲೋಬಿನ್ ಏಳು ಪಾಯಿಂಟ್ ಎರಡು. ಅಲ್ಲಿನ ಡಾಕ್ಟರ್ ಕಬ್ಬಿಣಾಂಶದ ಮಾತ್ರೆ ಕೊಟ್ಟರು, ಮಗು ಕಳೆದುಕೊಂಡ ತಾಯಂದಿರ ಜೊತೆ ಮಾತಾಡುವವರ ಹತ್ತಿರ ಕಳಿಸಿದರು. ಇವರ ಚೀಟಿ ಅವರಿಗೆ, ಅವರ ಚೀಟಿ ಇವರಿಗೆ ತೋರಿಸಿದೆವು. ಕಷಾಯಕ್ಕೂ ಮಾತ್ರೆಗೂ ಆಗದಿದ್ದರೆ ಕಷ್ಟ.

ವಾಸಿ ಮಾಡಿದ್ದು ಸೂಜಿಯೋ, ಮಾತ್ರೆಯೋ, ಆ ದಿನದ ಅಳುವೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದರೆ ಸುಳ್ಳಾಗುತ್ತದೆ. ಆಗಸ್ಟ್ ನಡುವಿನಲ್ಲಿ ಜಯಾ ಮಗಳಿಗೆ ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದಳು. ದ್ವಾರಕಾನಾಥ್ ಟಿಕೆಟ್ ರದ್ದು ಮಾಡಿದರು. ಈಗ ಬೆಳಗಿನ ಗಂಜಿ ಅವರೇ ಬೇಯಿಸುತ್ತಾರೆ.

"ತಪ್ಪು ನಂದೂ ಇದೆ ಸಿಸ್ಟರ್" ಎಂದರು ಒಂದು ದಿನ. ನಾನು ಇಲ್ಲ ಎನ್ನಲಿಲ್ಲ.

ಕಳೆದ ವಾರ ಅವರ ಜೊತೆ ಮಟಾಟುವಿನಲ್ಲಿ ಪೇಟೆಗೆ ಹೋದೆ. ಪ್ರತಿ ಸ್ಟೇಜ್ ಬಂದಾಗಲೂ ಪ್ರಗತಿ ತಾಯಿಯ ಮೊಣಕೈ ಮುಟ್ಟುತ್ತಾಳೆ. "ಅಮ್ಮಾ, ಐ ಆಮ್ ಹಿಯರ್" ಎನ್ನುತ್ತಾಳೆ. ಏಳು ಸ್ಟೇಜ್, ಏಳು ಸಲ. ಜಯಾ ಏಳು ಸಲವೂ "ಗೊತ್ತು ಕಂದಾ" ಎಂದಳು. ತಾಯಿ ಸುಧಾರಿಸಿದ್ದಾಳೆ. ಮಗುವಿಗೆ ಇನ್ನೂ ನಂಬಿಕೆ ಬಂದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಗಮನ ನಿಲ್ಲುತ್ತಿಲ್ಲವೇ? ಬೈಯುವ ಮೊದಲು ಹತ್ತಿರ ಕೂತು ಏನಾಯಿತು ಎಂದು ಕೇಳಿ. ರಕ್ತ ಪರೀಕ್ಷೆ ಮಾಡಿಸಿ. ಚೀನೀ ವೈದ್ಯಕ್ಕೆ ಹೋಗುವುದಾದರೆ ಪರವಾನಗಿ ಇರುವವರ ಹತ್ತಿರವೇ ಹೋಗಿ, ಆಸ್ಪತ್ರೆಯ ಮದ್ದನ್ನು ನೀವಾಗಿ ನಿಲ್ಲಿಸಬೇಡಿ. ಯಾವ ವೈದ್ಯರ ಮುಂದೆಯೂ ಏನನ್ನೂ ಮುಚ್ಚಿಡಬೇಡಿ. ನಾಳೆ ನೋಡುವ ಎನ್ನಬೇಡಿ, ಇವತ್ತೇ ಕೇಳಿ. ತಾನಿದ್ದೇನೆ ಎಂದು ಮಗು ಅಮ್ಮನಿಗೆ ನೆನಪಿಸುವ ಗತಿ ನಿಮ್ಮ ಮನೆಗೆ ಬರುವುದು ಬೇಡ.