ಉದಾಹರಣೆ ವಾಕ್ಯ

ಹಸಿ ಶಾಯಿಯ ವಾಸನೆ ಮೆಟ್ಟಿಲೇರಿ ಬರುತ್ತಿದೆ, ಅಂದರೆ ಕರಡು ಹಾಳೆಗಳು ಅಚ್ಚಾದವು, ಅಂದರೆ ಕೆಳಗೆ ಕರಡು ತಿದ್ದುವ ಅವನ ಮೇಜಿಗೆ ಹೋದವು, ಅವಳು ಕುರ್ಚಿ ಹಿಂದೆ ತಳ್ಳಿ ಎದ್ದಳು— ಇಪ್ಪತ್ತು ವರ್ಷ ಇದೇ ನಿಘಂಟು ಕಚೇರಿಯಲ್ಲಿ ಊರವರ ಪದಗಳಿಗೆಲ್ಲ ಅರ್ಥ ಬರೆದವಳಿಗೆ ತನ್ನದೇ ವಾಕ್ಯದ ಅರ್ಥ ಈಗ ಹೊಳೆಯಬೇಕೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ. ಇಂಗ್ಲಿಷಿನ ಸ್ಯೂ ಎಂಬ ಪದ. ಮೂಲ ಲ್ಯಾಟಿನ್, ಹಿಂಬಾಲಿಸು ಎಂದು, ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದದ್ದು, ಆಮೇಲೆ ಬೆನ್ನು ಹತ್ತು, ಹೆಣ್ಣಿನ ಕೈ ಬೇಡು, ಅಂಗಲಾಚು, ಕಡೆಗೆ ದಾವೆ ಹೂಡು— ಅರ್ಥಕ್ಕೊಂದು ಉದಾಹರಣೆ ಬೇಕು, ಜೀವ ಇರೋ ವಾಕ್ಯ ತಾರಮ್ಮ, ಸತ್ತ ಇಲಿ ತಂದಿಡಬೇಡ, ಸಂಪಾದಕರದು ದಿನಾ ಇದೇ ರಾಗ, ನಿನ್ನೆ ಸಂಜೆ ತಲೆ ಬಿಸಿಯಾಗಿತ್ತು, ಕೈ ತಾನಾಗಿ ಬರೆಯಿತು: ಮಗು ತಂದೆಯ ನೀಲಿ ಅಂಗಿ ತಬ್ಬಿಕೊಂಡೇ ಮಲಗುತ್ತದೆಂದು ತಿಳಿದೂ ಅವಳು ಮಗುವಿಗಾಗಿ ಗಂಡನ ಮೇಲೆ ದಾವೆ ಹೂಡಿದಳು. ತಂಗಿಯ ಗುಟ್ಟು. ತಂಗಿ ಅಡುಗೆಮನೆಯ ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಹೇಳಿದ್ದು, ಮಗೂಗೆ ಅಪ್ಪನ ನೆನಪೇ ಇಲ್ಲ ಅಂತ ಕೋರ್ಟಲ್ಲಿ ಹೇಳ್ಬಿಟ್ಟಿದೀನಿ ಅಕ್ಕಾ, ನಿನ್ನ ಬಿಟ್ಟು ಯಾರಿಗೂ ಗೊತ್ತಾಗ್ಬಾರ್ದು ಅಂತ, ನಾಳೆಯೇ ಮತ್ತೆ ವಿಚಾರಣೆ, ನಾಳೆ— ಕರಡು ತಿದ್ದುವವನು ಯಾರು, ತಂಗಿಯ ಗಂಡನೇ, ಅವನಿಗೆ ಈ ಕೆಲಸ ಕೊಡಿಸಿದವಳು ಯಾರು, ತಾನೇ.

ಮೆಟ್ಟಿಲು ಮುಗಿಯುವುದಿಲ್ಲ, ಚಪ್ಪಲಿ ಜಾರುತ್ತದೆ, ಅವನ ಉಕ್ಕಿನ ಅಳತೆಪಟ್ಟಿ ಕಣ್ಣಿಗೆ ಕಟ್ಟುತ್ತದೆ, ಸಾಲಿನ ಕೆಳಗಿಟ್ಟು ಓದುವುದು, ಓದಿ ಒಂದು ಸಾಲು ಇಳಿಸುವುದು, ತಂಗಿಯ ಜೊತೆ ತನ್ನ ಮದುವೆಯ ಕರೆಯೋಲೆಯನ್ನೂ ಹಾಗೇ ಓದಿ ಎರಡು ತಪ್ಪು ಹಿಡಿದು ಎಲ್ಲರನ್ನೂ ನಗಿಸಿದ್ದ, ಅವತ್ತು ತಂಗಿ ಎಷ್ಟು ನಕ್ಕಿದ್ದಳು— ಊಟಕ್ಕೆ ಎದ್ದು ಹೋಗಿರಲಿ, ಹಿಂದಿನ ಪುಟದಲ್ಲೇ ಇರಲಿ, ಇವತ್ತೊಂದು ದಿನ ಅವನ ಕಣ್ಣು ಮಂಜಾಗಲಿ, ದೇವರೇ, ಎಂಥದ್ದು ಬೇಡುತ್ತಿದ್ದೇನೆ, ಹೆದರಿಕೆಗೆ ನಾಚಿಕೆಯಿಲ್ಲ. ಬಾಗಿಲು. ಬೆನ್ನು ಕಾಣುತ್ತಿದೆ, ಬಗ್ಗಿದ ಕತ್ತು, ಪಟ್ಟಿ ಒಂದು ಸಾಲು ಇಳಿಯಿತು, ಇನ್ನೊಂದು, ಆ ಹಾಳೆ ಇಲ್ಲಿ ಕೊಡಪ್ಪಾ, ಒಂದು ತಪ್ಪು ಉಳಿದಿದೆ— ಪಟ್ಟಿ ನಿಂತಿತು. ಅವನು ತಿರುಗಲಿಲ್ಲ. ತಪ್ಪೇನೂ ಇಲ್ಲ ಅಕ್ಕಾ, ಅಕ್ಷರ ಎಲ್ಲಾ ಸರಿಯಾಗೇ ಇದೆ, ಈ ನೀಲಿ ಅಂಗಿ ಎಲ್ಲಿ ಹೋಯ್ತು ಅಂತ ಆರು ತಿಂಗಳಿಂದ ಹುಡುಕ್ತಾ ಇದ್ದೆ. ಏನಾದರೂ ಹೇಳಬೇಕು, ಸುಳ್ಳಾದರೂ ಸರಿ, ಅದೊಂದು ಬರೀ ಉದಾಹರಣೆ ಎನ್ನಬೇಕು, ಪಟ್ಟಿ ಆ ಸಾಲಿನ ಕೆಳಗೇ ಇದೆ, ಅವನ ಎರಡು ಬೆರಳು ಅದನ್ನು ಒತ್ತಿ ಹಿಡಿದಿವೆ, ಉಗುರು ಬೆಳ್ಳಗಾಗಿದೆ, ಪಟ್ಟಿ ಕೆಳಗಿಳಿಯುತ್ತಿಲ್ಲ, ಇಳಿಯುತ್ತಿಲ್ಲ