ಹಿಮದ ಸೇತುವೆ, ಎರಡನೆಯ ಅಚ್ಚು

ಎದೊ ಪಟ್ಟಣದಲ್ಲಿ ಚಿತ್ರ ಅಚ್ಚು ಹಾಕುವ ಮರದ ಹಲಗೆ ಕೊರೆಯುತ್ತಿದ್ದ ಉನೋಸುಕೆಗೆ ಒಬ್ಬಳೇ ಮಗಳು, ಒರಿತ್ಸು. ಚಿತ್ರಕಾರ ಸೊಯೆನ್ ‘ಹಿಮದ ಸೇತುವೆ’ ಚಿತ್ರ ಬರೆದಾಗ, ಅದರಲ್ಲಿ ಅವಳ ಕೈಗೆ ಕೆಂಪು ಕೊಡೆ ಕೊಟ್ಟು ಸೇತುವೆಯ ಎಡತುದಿಯಲ್ಲಿ ನಿಲ್ಲಿಸಿದ್ದ. ಅವಳ ಕೂದಲಿನ ಎಳೆ ಎಳೆಯನ್ನೂ ಚೆರ್ರಿ ಮರದ ಹಲಗೆಯಲ್ಲಿ ತಂದೆಯೇ ಕೊರೆದಿದ್ದ.

"ಅಪ್ಪಾ, ನನ್ನ ಮೂಗು ಇಷ್ಟು ದಪ್ಪ ಇದೆಯಾ?" ಎಂದು ಅವಳು ಜಗಳ ತೆಗೆದಿದ್ದಳು.

ಮುಂದಿನ ಬೇಸಿಗೆಯಲ್ಲಿ ದಡಾರ ಬಂದು ಒರಿತ್ಸು ತೀರಿಕೊಂಡಳು.

ಎಲೆ ಉದುರುವ ಕಾಲಕ್ಕೆ ಸೊಯೆನ್ ಉನೋಸುಕೆಯ ಮನೆಗೆ ಬಂದ. ಒರಿತ್ಸುವಿಗೆ ಧೂಪ ಹಚ್ಚಿ ಕೈಮುಗಿದು ಕೂತ.

"ಅಂಗಡಿಯವರು ಆ ಚಿತ್ರ ಮತ್ತೆ ಅಚ್ಚು ಹಾಕ್ತಾರಂತೆ. ಹೇಗೆ ಹೇಳಲಿ ಉನೋಸುಕೆ... ಹುಡುಗೀನ ತೆಗೀಬೇಕು ಕಣಯ್ಯ."

ಉನೋಸುಕೆಯ ಹೆಂಡತಿ ಒಟೊಯೊ ಒಳಗಿಂದ ಬಂದಳು. "ಯಾಕೆ ಗುರುಗಳೇ? ಸತ್ತವಳು ಅಂತಲಾ?"

"ಅಲ್ಲಮ್ಮ. ತಪ್ಪು ನಂದೇ. ಆ ಕೆಂಪು ಕೊಡೆ ನೋಡೋರ ಕಣ್ಣನ್ನೆಲ್ಲ ಎಳ್ಕೊಂಡುಬಿಡುತ್ತೆ. ಹಿಮ ಬೀಳ್ತಿರೋದೇ ಯಾರಿಗೂ ಕಾಣಲ್ಲ. ಬೇರೆಯವರ ಕೈಲಿ ಮಾಡಿಸ್ತೀನಿ, ಹಲಗೆ ಕೊಟ್ಟರೆ ಸಾಕು."

"ಕೊಡಬೇಡಿ ಕಣ್ರೀ," ಎಂದಳು ಒಟೊಯೊ ಗಂಡನಿಗೆ.

ಉನೋಸುಕೆ ಗೋಡೆಯ ಮೇಲಿದ್ದ ಚಿತ್ರದ ಬಳಿಗೆ ಹೋಗಿ ಅಂಗೈಯಿಂದ ಮಗಳನ್ನು ಮುಚ್ಚಿದ. ಖಾಲಿ ಸೇತುವೆ ಇನ್ನಷ್ಟು ಉದ್ದವಾಯಿತು. ಹಿಮ ಸದ್ದಿಲ್ಲದೆ ಸುರಿಯತೊಡಗಿತು. ಸೊಯೆನ್ ಹೇಳಿದ್ದು ನಿಜ. ನಿಜವಾಗಿದ್ದಕ್ಕೇ ಉನೋಸುಕೆಯ ಎದೆ ಒಡೆಯಿತು.

"ಬೇರೆಯವರ ಉಳಿ ಅವಳಿಗೆ ತಾಗೋದು ಬೇಡ. ನಾನೇ ತೆಗೀತೀನಿ."

ಮರುದಿನ ಕೆಂಪು ಬಣ್ಣ ಒತ್ತುವ ಹಲಗೆಯಿಂದ ಕೊಡೆಯನ್ನು ಮೊದಲು ಕೆತ್ತಿ ತೆಗೆದ. ಆಮೇಲೆ ಕಪ್ಪು ಗೆರೆ ಒತ್ತುವ ಹಲಗೆಯಲ್ಲಿ ತೋಳು, ಕೊರಳು. ಮುಖ ಎಲ್ಲಕ್ಕಿಂತ ಕೊನೆಗೆ. ಆ ಕುಳಿಗೆ ಹೊಸ ಮರದ ತುಂಡು ಕೂರಿಸಿ, ಮಗಳು ನಿಂತಿದ್ದ ಜಾಗದಲ್ಲಿ ಸೇತುವೆಯ ಅಂಚಿನ ಕಟಾಂಜನವನ್ನು ಗೆರೆಗೆ ಗೆರೆ ಕೂಡುವಂತೆ ಕೊರೆದ. ದಿನವೂ ಮರದ ಚೂರುಗಳನ್ನು ಒಲೆಗೆ ಹಾಕುತ್ತಿದ್ದ ಒಟೊಯೊ ಅಂದು ಬಗ್ಗಿ ಒಂದೊಂದನ್ನೇ ಆಯ್ದು ಕಿಮೊನೊ ತೋಳಿನೊಳಗೆ ಇಟ್ಟುಕೊಂಡಳು. ಗಂಡನನ್ನು ಮಾತಾಡಿಸಲಿಲ್ಲ. ಆಮೇಲೂ ಎಷ್ಟೋ ದಿನ ಹಾಗೇ ನಡೆಯಿತು.

ಚಳಿಗಾಲಕ್ಕೆ ಹೊಸ ಅಚ್ಚು ಬಂತು. ಚಿತ್ರದ ಅಂಗಡಿಯ ಮುಂದೆ ಜನ ಮುತ್ತಿಕೊಂಡರು. ಉನೋಸುಕೆ ಅದನ್ನು ನೋಡಿ ಮನೆಗೆ ಬಂದು, ಅಕ್ಕಿ ತೊಳೆಯುತ್ತಿದ್ದ ಒಟೊಯೊಳ ಹಿಂದೆ ನಿಂತ.

"ಯಾರೋ ಒಬ್ಬಾಕೆ ಹೇಳ್ತಿದ್ದಳು ಕಣೇ, ‘ಈಗಷ್ಟೇ ಯಾರೋ ಸೇತುವೆ ದಾಟಿ ಹೋದ ಹಾಗಿದೆ’ ಅಂತ."

ಒಟೊಯೊಳ ಕೈ ನೀರಿನಲ್ಲೇ ನಿಂತಿತು.

"ಯಾವ ಕಡೆಗಂತೆ?" ಎಂದಳು.

ಉನೋಸುಕೆ ಅವಳ ಪಕ್ಕದಲ್ಲೇ ಕೂತ. ಮಗಳು ಹೋದಮೇಲೆ ಮೊದಲ ಸಲ ಇಬ್ಬರೂ ಒಟ್ಟಿಗೆ ಅತ್ತರು.